ಬಿನ್ನವತ್ತಳೆಯ ಕರಡು

ಒಂದೇ ಪುಟ ಸಾಕು ಮಾಸ್ತರೇ, ಎಂದಿದ್ದಾರೆ
ಕಾರವಾರದ ಸಮಿತಿಯವರು.
ಚೌಕಟ್ಟು ಆಗಲೇ ಬಂದಿದೆ, ಗಾಜು ಸಮೇತ.
ಮಂಜಗುಣಿ ಶಾಲೆಯ ಖಾಲಿ ಕೋಣೆಯಲ್ಲಿ ಕೂತು
'ಗಾನಕೋಗಿಲೆ' ಎಂದು ಬರೆದೆ,
ಹೊಡೆದು ಹಾಕಿದೆ.

ಕೋಗಿಲೆಯಲ್ಲ ಬುದವಂತಿ.
ಅವಳ ದನಿಗೆ ಬಳಚಿನ ಚಿಪ್ಪಿನ ಅಂಚು.
ಇಳಿತದ ಹೊತ್ತು ಗಂಗಾವಳಿಯ ಕೆಸರಿನಲ್ಲಿ
ಮೊಣಕಾಲುದ್ದ ಹೂತು ಹೆಕ್ಕುವಾಗ
ಬೆರಳು ಕೊಯ್ದು
ಆಮೇಲೆ ಗೊತ್ತಾಗುತ್ತದಲ್ಲ, ಅಂಥದ್ದು.

ಗಜನಿಯ ಕಗ್ಗದ ಗದ್ದೆಯಲ್ಲಿ ಅತ್ತೆ ಎತ್ತಿದ ಪದಕ್ಕೆ
ಸಾಲಿನ ತುದಿಯಿಂದ ಸೊಲ್ಲು ಕೊಟ್ಟವಳು,
ಅತ್ತೆ ತೀರಿಕೊಂಡ ವರ್ಷ ತಾನೇ ಎತ್ತಿದಳು.
ಆಕಾಶವಾಣಿಯ ಹುಡುಗ ಮೈಕು ಹಿಡಿದು
ಇನ್ನೂ ಎಷ್ಟಿವೆ ಅಮ್ಮ, ಎಂದರೆ
ನೆಟ್ಟಿ ಎಷ್ಟು ದಿನ, ಎಂದಳಂತೆ.

ಇಷ್ಟು ಬರೆಯಬಹುದು. ಸಮಿತಿ ಒಪ್ಪುತ್ತದೆ.
ಅಳಿವೆಯ ಸಂಗತಿ?

ಆಷಾಢದ ಕಡಲು ಬೇಡವೆಂದು ತಿರುಗಿಸಿದ್ದೆಲ್ಲ
ಬಂದು ನಿಲ್ಲುವುದು ಈ ಮರಳ ದಿಬ್ಬಕ್ಕೆ:
ತೆಂಗಿನ ಬೊಡ್ಡೆ, ಹರಿದ ಬಲೆ, ಒಂಟಿ ಚಪ್ಪಲಿ,
ಒಮ್ಮೊಮ್ಮೆ
ಯಾರೋ ಒಬ್ಬ.
ಪಂಚನಾಮೆ, ಶವಾಗಾರ, ಪೇಪರಿನ ಮೂಲೆಯಲ್ಲಿ
'ಚಹರೆ ಪತ್ತೆ ಇಲ್ಲ'.
ಕಾಯುವ ದಿನ ಮುಗಿದರೂ ಯಾರೂ ಬಾರದಿದ್ದರೆ
ಪೇದೆ ಫೋನು ಮಾಡುವುದು ಅವಳಿಗೆ.

ಬಸ್ಸು ಹತ್ತುತ್ತಾಳೆ. ಕೈಚೀಲದಲ್ಲಿ
ಅರಿಸಿನ, ಎಳ್ಳು, ಮಡಚಿದ ಶಾಲು.
ನಾವೇ ಹೊದೆಸಿದ್ದು, ಚಪ್ಪಾಳೆ ತಟ್ಟಿ:
ಧಾರವಾಡದ್ದು, ಶಿರಸಿಯದ್ದು,
ಮಂತ್ರಿಗಳ ಕೈಯಿಂದ ಬಂದ ಜರಿಯಂಚಿನದ್ದು.
ಮೂವತ್ತೇಳು ಶಾಲು ಈಗ ಮಣ್ಣಿನೊಳಗಿವೆ.

ಊರು ಹೆಸರು ಹೇಳದೆ ಸಾವಿನ ಪದ ಮೇಲೇಳುವುದಿಲ್ಲ.
ಮೊದಲ ಸಲ ಗುಂಡಿಯ ಬಳಿ ತಡವರಿಸಿದಳಂತೆ,
ಸಲಿಕೆ ಹಿಡಿದವರು ಬೀಡಿ ಸೇದಿ ಮುಗಿಸುವ ತನಕ.
ಆಮೇಲೆ ತನ್ನ ಊರನ್ನೇ ಕೊಟ್ಟಳು,
ತನ್ನ ಮನೆಯ ಹೆಸರುಗಳನ್ನು ಒಂದೊಂದಾಗಿ:
ಹಮ್ಮಣ್ಣ, ಬೀರ, ಗಿರಿಯ.
ಮೀಸೆ ಮೂಡದ ಒಬ್ಬನಿಗೆ
ತನ್ನ ಮಗನ ಹೆಸರು, ಮಗ ಬದುಕಿರುವಾಗಲೇ.
ಸೊಸೆ ವಾರ ಮಾತು ಬಿಟ್ಟಳು.

ನನ್ನಪ್ಪ ದೋಣಿ ಸಮೇತ ಹೋದವನು ಸಿಗಲೇ ಇಲ್ಲ.
ಇದು ಬಿನ್ನವತ್ತಳೆಗೆ ಸೇರುವ ಮಾತಲ್ಲ.
ಗೋವೆಯ ಕಡೆಗೋ ಮಲ್ಪೆಯ ಕಡೆಗೋ
ಯಾವುದೋ ಅಳಿವೆಯಲ್ಲಿ, ಯಾವಳೋ ಒಬ್ಬಳು
ಅವನಿಗೂ ಒಂದು ಹೆಸರು ಹುಡುಕಿರಬಹುದು.
ಕೂಗಿ ಕರೆಯಲು ಸಲೀಸಾದದ್ದೇ ಇರಲಿ.

ಸಂಜೆ ಕೇಳಲು ಹೋದೆ, ಬರೆಯಲೋ ಬಿಡಲೋ.
ಬಳಚು ಬೇಯುತ್ತಿತ್ತು, ಒಂದೊಂದೇ ಬಾಯಿ ಬಿಡುತ್ತ.
'ಅದೆಲ್ಲ ಬರೂದ್ ಬ್ಯಾಡ ಮಾಸ್ತ್ರೆ,' ಅಂದಳು,
ಸೌಟಿನಿಂದ ನೊರೆ ತೆಗೆದು ಪಕ್ಕಕ್ಕೆ ಚೆಲ್ಲಿ.
'ಶಾಲು ಮಾತ್ರ ಉದ್ದದ್ದೇ ತರೂಕೆ ಹೇಳಿ.
ಹೋದ ಸಲದ್ದು ಗಿಡ್ಡ.
ಅಂವ ಎತ್ತರದ ಆಳು, ಪಾಪ,
ಪಾದ ಹೊರಗೇ ಉಳೀತು.'