ಒಗೆದವಳ ಲೆಕ್ಕ

ಕ್ಲಬ್ಬಿನ ಚರಿತ್ರೆ ಬರೆಯಲು ಪಾಲೆನ್ಸಿಯಾದಿಂದ ಬಂದ ಹುಡುಗ
ಕಪ್ ಎಷ್ಟು, ಗೋಲು ಎಷ್ಟು ಎಂದು ಕೇಳಿದ.
ಕಪ್ ಒಂದೂ ಇಲ್ಲ ಮಗಾ.
ಗೋಲುಗಳನ್ನು ಬರೆದಿಟ್ಟವನು ಎವೆಲಿಯೊ,
ಆ ಪುಸ್ತಕ ಇಲಿಗಳ ಪಾಲಾಯಿತು.
ನನ್ನ ಹತ್ತಿರ ಇರುವುದು ಅಂಗಿಯ ಲೆಕ್ಕ.
ಅಜ್ಜಿ, ಅವ್ವ, ಆಮೇಲೆ ನಾನು,
ವಿಯಾಲ್ಕಾರ್ದೊ ತಂಡದ ಬೆವರು ಹಿಂಡಿದವರು.

ಇಪ್ಪತ್ತನಾಲ್ಕರಲ್ಲಿ ಸಕ್ಕರೆ ಕಾರ್ಖಾನೆಯ ಹುಡುಗರಿಗೆ
ಚೆಂಡಿತ್ತು, ಅಂಗಿ ಇರಲಿಲ್ಲ.
ಜವಳಿ ಅಂಗಡಿಯ ಲೆಯೊಕಾದಿಯೊ
ಉಪವಾಸದ ದಿನಗಳಲ್ಲಿ ಇಗರ್ಜಿಯ ಸಂತರಿಗೆ ಮುಸುಕು ಹಾಕುವ
ನೇರಳೆ ಬಟ್ಟೆಯನ್ನು
ಕಣ್ತಪ್ಪಿ ಎರಡರಷ್ಟು ತರಿಸಿ ತಲೆಗೆ ಕೈಹೊತ್ತಿದ್ದ.
ಸಂತರ ಮುಖ ಮುಚ್ಚಬೇಕಿದ್ದದ್ದು
ಬಾಯ್ಲರ್ ಹುಡುಗರ ಎದೆ ಮುಚ್ಚಿತು.
ಮೊದಲ ಆಟದಲ್ಲೇ ಒಂಬತ್ತು ಗೋಲು ತಿಂದು ಬಂದರು.
ಅಜ್ಜಿ ಒಗೆದ ನೀರು ನೇರಳೆಯಾಗಿ ಕಾಲುವೆಗೆ ಹರಿದು
ಕೆಳಗಿನೂರಿನವರು ಎರಡು ದಿನ
ಹೇಸರಗತ್ತೆಗಳಿಗೆ ನೀರು ಕುಡಿಸಲಿಲ್ಲವಂತೆ.

ಏಳು ವರ್ಷದ ಮೇಲೆ ಗಣರಾಜ್ಯ ಬಂತು,
ಅದರ ಬಾವುಟದಲ್ಲೂ ಒಂದು ನೇರಳೆ ಪಟ್ಟಿ.
ಬಾವುಟ ನೋಡಿ ನಾವು ಅಂಗಿ ಹೊಲಿಸಿದ್ದಲ್ಲ, ಬರೆದುಕೋ.
ಯುದ್ಧ ಶುರುವಾದ ಆಗಸ್ಟಿನಲ್ಲಿ ಬಂದ ಲಾರಿಗೆ
ಇದನ್ನೆಲ್ಲ ಹೇಳುವವರು ಯಾರು?
ಗೋಲಿ ಫ್ರೋಯ್ಲಾನ್, ಎಡಬದಿಯ ಅಬಿಲಿಯೊ
ಹತ್ತಿಸಿಕೊಂಡು ಹೋದರು, ಗೋಧಿ ಕೊಯ್ಲಿನ ದಿನ.
ಅಂಗಿ ವಾಪಸು ಮಾಡಿ ಎಂದಾಗ ಬಂದದ್ದು ಒಂಬತ್ತು.
ಅಜ್ಜಿ ಹಗ್ಗಕ್ಕೆ ಹನ್ನೊಂದರ ಕ್ಲಿಪ್ಪನ್ನೂ ಹಾಕಿದಳು.

ಗೆದ್ದವರ ಆಜ್ಞೆ: ಹೆಸರಿನಲ್ಲಿ ಇಂಗ್ಲಿಷ್ ಕೂಡದು.
ಅಕ್ಷರಗಳು ಹಿಂದುಮುಂದಾದವು, ಹಲಗೆಗೆ ಹೊಸ ಬಣ್ಣ.
ನೇರಳೆಯಂತೂ ಕೂಡಲೇ ಕೂಡದು.
ಆ ಬಟ್ಟೆ ಎಲ್ಲಿಯದೆಂದು ಪಾದ್ರಿ ಎರ್ಮೊಹೆನೆಸ್‌ಗೆ ಗೊತ್ತಿತ್ತು,
ಪ್ರತಿ ವರ್ಷ ಅದೇ ಥಾನಿನ ಇನ್ನರ್ಧವನ್ನು ಅವರೇ ಸಂತರಿಗೆ ಹೊದಿಸುತ್ತಿದ್ದರು.
ಬಾಯಲ್ಲಿ ಕಡುಬು ಇಟ್ಟವರ ಹಾಗೆ ನಿಂತರು.
ಅಜ್ಜಿ ಆಕ್ರೋಟದ ಸಿಪ್ಪೆ ಕುದಿಸಿ
ಅಂಗಿಗಳನ್ನು ಕಂದು ಮಾಡಿದಳು.
ಒಗೆದಂತೆಲ್ಲ ಕಂದು ಬಿಡುವುದು,
ಕಂಕುಳಲ್ಲಿ ಮೊದಲು, ಆಮೇಲೆ ಕಾಲರಿನ ಅಂಚಿಗೆ
ನೇರಳೆ ಇಣುಕುವುದು,
ಮತ್ತೆ ಕುದಿಸುವುದು, ಮತ್ತೆ ಅದ್ದುವುದು.
ಒಂದು ಭಾನುವಾರ ಅದ್ದಲಿಲ್ಲ.
ಯಾರೂ ಏನೂ ಅನ್ನಲಿಲ್ಲ. ಆಟ ಡ್ರಾ ಆಯಿತು.

ಅವ್ವನ ಕಾಲಕ್ಕೆ ನೈಲಾನು.
ಅರವತ್ತೆಂಟರಲ್ಲಿ ಮೇಲಿನ ದರ್ಜೆಗೆ ಏರಿದರು, ಒಂದೇ ವರ್ಷ, ಇಳಿದರು.
ಏರಿಸಿದವನು ಬೌದಿಲಿಯೊ. ಹದಿನೇಳು ಗೋಲು,
ಅಂಗಿಗೆ ಒಮ್ಮೆಯೂ ಮಣ್ಣು ಮೆತ್ತಿಸಿಕೊಳ್ಳದವನು.
ಅವ್ವನಿಗೆ ಅವನ ಮೇಲೆ ಮನಸ್ಸಿತ್ತೆಂದು ಊರು ಆಡಿತು.
ನನಗೇನು ಗೊತ್ತು.
ಅವನ ಅಂಗಿಯನ್ನು ಕೊನೆಗೆ ಒಗೆಯುತ್ತಿದ್ದಳು, ಅಷ್ಟೇ.

ನನ್ನ ಪಾಲಿಗೆ ಬಂದದ್ದು ವಾಷಿಂಗ್ ಮೆಷಿನ್ನು,
ಬೆನ್ನಿನ ಮೇಲೆ ಹಾಸಿಗೆ ಅಂಗಡಿಯ ಹೆಸರು,
ಸಾಬೂನಿನ ಬಾಕಿ ಎಂಟು ತಿಂಗಳು.
ಕಾರ್ಖಾನೆಯ ಚಿಮಣಿಯಲ್ಲಿ ಕೊಕ್ಕರೆ ಗೂಡು ಕಟ್ಟಿತ್ತು,
ಹೊಗೆ ನಿಂತಿದೆ ಎಂದು ಅದಕ್ಕೆ ನಮಗಿಂತ ಮೊದಲೇ ಗೊತ್ತಾಯಿತು.
ಆಡುವ ಹುಡುಗರೆಲ್ಲ ವಾಯದೋಲಿದ್‌ನ ಕಾರು ಕಾರ್ಖಾನೆಗೆ.
ತೊಂಬತ್ತೊಂದರ ನವೆಂಬರ್, ಮಂಜು, ಏಳೇ ಜನ ಇಳಿದರು.
ಇಪ್ಪತ್ತೆರಡನೆಯ ನಿಮಿಷಕ್ಕೆ ಒಬ್ಬನ ಪಾದ ಉಳುಕಿತು.
ಆರು ಜನರಿದ್ದರೆ ಆಟವಿಲ್ಲ, ನಿಯಮ.
ರೆಫರಿ ಸೀಟಿ ಊದಿದ. ಅದು ಸೋಲೂ ಅಲ್ಲ.

ಈಗ ಮೈದಾನದ ತುಂಬ ಸೌರಫಲಕ ನೆಟ್ಟಿದ್ದಾರೆ,
ಎಲ್ಲ ಒಂದೇ ದಿಕ್ಕಿಗೆ ಮುಖ ಎತ್ತಿ ನಿಂತಿವೆ
ಯಾರೋ ಪೆನಾಲ್ಟಿ ಹೊಡೆಯಲಿರುವ ಹಾಗೆ.

ಹುಟ್ಟಿದ್ದು ಇಪ್ಪತ್ತನಾಲ್ಕು, ಮುಗಿದದ್ದು ತೊಂಬತ್ತೊಂದು,
ಸರಿ ತಾನೇ ಎಂದು ಹುಡುಗ ಕೇಳಿದ.
ಮೆಟ್ಟಿಲ ಕೆಳಗೊಂದು ಚೀಲ ಇದೆ, ಹೋಗಿ ನೋಡು.
ಬಿಚ್ಚಬೇಡ, ನಾತ.
ಏಳು ಅಂಗಿ, ಅವತ್ತಿನ ಮಣ್ಣು ಅವತ್ತಿನ ಹಾಗೆಯೇ ಇದೆ.
ಬಾಕಿ ಕೊಡಲಿ,
ಒಗೆಯುತ್ತೇನೆ.