ಉಳಿದ ಮುನ್ನೂರ ಹನ್ನೆರಡು

ಮೂರು ವರ್ಷ
ಬೈತಖೋಲದ ದಕ್ಕೆಯ ಮೇಲೆ
ಡೀಸೆಲ್ಲು ನಾನೇ ತುಂಬಿಸಿದೆ.
ಬ್ಯಾರೆಲ್ಲಿಗೊಮ್ಮೆ ಕಾರ್ಡು ಉಜ್ಜಿ,
ಉಪ್ಪುಗೈಯಲ್ಲಿ ನಾಲ್ಕಂಕಿಯ ಗುಟ್ಟು ಒತ್ತಿ,
ಸುರುಳಿ ಚೀಟಿಯನ್ನು ರವಿಕೆಯೊಳಗೆ ಸೇರಿಸಿ.

ಐಸಿಗೂ ಕಾರ್ಡು, ಬಲೆಯ ನೂಲಿಗೂ,
ಗೇರ್‌ಬಾಕ್ಸ್ ಬಿಚ್ಚಿದ ದಿನದ ಮೇಸ್ತ್ರಿಗೂ.
ಡೀಸೆಲ್ಲಿಗೆ ಪಾಯಿಂಟು ಕೊಡೆವು ಎಂದ ಮೊದಲಿನ ಕಾರ್ಡನ್ನು
ಮೀನಿನ ರೆಕ್ಕೆ ತೆಗೆಯುವ ಕತ್ತರಿಯಿಂದಲೇ ತುಂಡು ಮಾಡಿ
ಕೊಡುವವರನ್ನು ಹುಡುಕಿದ್ದೆ.
ಹದಿನೆಂಟಕ್ಕೆ ಬಿಲ್ಲಿನ ಗಡುವು;
ಹದಿನೇಳಕ್ಕೇ ಕಟ್ಟುತ್ತಿದ್ದೆ, ಪೂರ್ತಿ.
ಒಂದು ಏಡಿ ಸಾಕು ಇಡೀ ಬಲೆ ಹರಿಯಲು,
ಒಂದು ತಿಂಗಳ ಬಡ್ಡಿ ಸಾಕು.

'ಶ್ರೀ ನಾರಸಿಂಹ' ಹೋದಷ್ಟು ದೂರ
ನನ್ನ ಫೋನಿನೊಳಗೆ ಅಂಕಿಯಾಗಿ ಕೂರುತ್ತಿತ್ತು.
ಬಂಗಡೆ ಬಿದ್ದ ದಿನವೂ,
ಬರೀ ಲೋಳೆಮೀನು ತುಂಬಿ ಬಂದ ದಿನವೂ ಒಂದೇ ಸಮ.
ಕಡಲು ಕೈ ಎತ್ತಿದಾಗಲೂ ಕಾರ್ಡು ಕೊಟ್ಟಿತು.
ಇದನ್ನು ದೇವಿದಾಸನಿಗೆ ಹೇಳಲಿಲ್ಲ.

ನಲವತ್ತೊಂದು ಸಾವಿರ ದಾಟಿದ ದಿನ
ನಾದಿನಿ ಶೇವಂತಾ ಅಂದಳು: ಗ್ರೈಂಡರ್ ತಗೋ ವೈನಿ,
ಪಟ್ಟಿಯಲ್ಲಿ ಚಿತ್ರ ಉಂಟು, ಕೆಂಪು ಬಣ್ಣದ್ದು.
ಲೆಕ್ಕ ಹಾಕಿದೆ. ಪಾಯಿಂಟಿಗೆ ಇಪ್ಪತ್ತು ಪೈಸೆ.
ಅದನ್ನೇ ವಿಮಾನದವರ ಖಾತೆಗೆ ದಾಟಿಸಿ
ಅಲ್ಲಿಂದ ಟಿಕೇಟು ಕೊಂಡರೆ ತೊಂಬತ್ತರ ಹತ್ತಿರ.
ಇದೇನು ಹೊಸ ವಿದ್ಯೆಯೇ?
ನನ್ನ ಅತ್ತೆ ಇಸ್ವಾಣದ ಬುಟ್ಟಿಯನ್ನು
ದಕ್ಕೆಯಲ್ಲಿ ಇಳಿಸದೆ, ಏಲಂ ಕೂಗುವವನ ಮುಖ ನೋಡದೆ,
ಮಾಜಾಳಿ ಗಡಿ ದಾಟಿಸಿ ಮಡಗಾಂವಿಗೆ ಒಯ್ಯುತ್ತಿದ್ದಳು.
ಮೀನು ಅದೇ. ಸಂತೆ ಬೇರೆ.

ಯಾವಾಗ ಹೋಗುವುದು?
ಎಲ್ಲರೂ ಹೊರಡುವ ಮೇ ತಿಂಗಳಲ್ಲಿ
ಒಂದು ಆಸನಕ್ಕೆ ದುಪ್ಪಟ್ಟು ಕೇಳುತ್ತಿದ್ದರು.
ಜೂನ್ ಒಂದಕ್ಕೆ ಕಡಲಿಗೆ ಬಂದಿ ಬೀಳುತ್ತದೆ.
ದೋಣಿಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಾಗ
ಅಲ್ಲಿ ಮೇಲೆಯೂ ಆಸನಗಳು ಖಾಲಿ,
ಅಗ್ಗ.
ನಮಗೆ ಬಿಡುವಾಗುವುದು ಲೋಕಕ್ಕೆ ಬೇಡದ ಕಾಲದಲ್ಲಿ;
ಮೊದಲ ಸಲ ಅದು ಲಾಭಕ್ಕೆ ಬಂತು.

ಎಲ್ಲಿಗೆ?
ಹತ್ತಿರ ಹೋದರೆ ಪಾಯಿಂಟು ದಂಡ.
ನಕ್ಷೆಯ ಮೇಲೆ ಬೆರಳು ಎಳೆದುಕೊಂಡು
ಮೂಲೆಯವರೆಗೂ ಹೋದೆ: ಗುವಾಹಟಿ.
ಅಲ್ಲಿ ನಮ್ಮವರು ಯಾರಿದ್ದಾರೆ, ಅಂದ ಅವನು.
ಯಾರೂ ಇಲ್ಲ. ಅದಕ್ಕೇ.

ತೆರಿಗೆ ಮಾತ್ರ ರೊಕ್ಕದಲ್ಲೇ ತೆರಬೇಕಾಯಿತು.
ಪುಕ್ಕಟೆಗೂ ಇರುತ್ತದೆ
ತೊರಕೆಗಿರುವಂಥ ಮುಳ್ಳಿನ ಬಾಲ.

ದಾಬೋಳಿಯಿಂದ ಮೇಲೆದ್ದಾಗ
ತುಫಾನಿನಲ್ಲಿ ಚುಕ್ಕಾಣಿ ಬಿಡದ ತಾಂಡೇಲ
ಕುರ್ಚಿಯ ತೋಳನ್ನು ಹಿಡಿದು ಕಣ್ಣು ಮುಚ್ಚಿದ.
ಮೋಡ ಸೀಳಿದ ಒಂದು ಗಳಿಗೆ ಕಡಲು ಕಂಡಿತು.
"ಇಲ್ಲಿಂದ ನೀರಿನ ಬಣ್ಣ ತಿಳಿತದೆ,
ಇಷ್ಟು ವರ್ಷ ಕುರುಡರ ಹಾಗೆ ಬಲೆ ಬಿಟ್ಟೆವು."
ಅಷ್ಟೇ. ಕೊಲ್ಕತ್ತಾದವರೆಗೆ ಮತ್ತೆ ಮಾತಿಲ್ಲ.

ಗುಡ್ಡದ ದೇವಿಯನ್ನು ನೋಡೋಣ ಅಂದೆ.
ಅವನು ನದಿದಂಡೆಯ ಮೀನುಕಟ್ಟೆಗೆ ಹೋದ.
ಒಂದು ರೋಹುವಿನ ಕಿವಿರು ಎತ್ತಿ ನೋಡಿ
"ನಿನ್ನೆಯದು" ಅಂದ, ಕನ್ನಡದಲ್ಲೇ.
ಮಾರುವವಳು ಮುಖ ತಿರುಗಿಸಿ ನಕ್ಕಳು.
ಆಚೆ ದಡ ಕಾಣದ ಕೆಂಪು ನೀರಿಗೆ ಇಳಿದು,
ಇಷ್ಟು ಅಗಲದ್ದಕ್ಕೆ ಉಪ್ಪಿಲ್ಲವೆಂದರೆ ನಂಬದೆ,
ಒಂದು ಬೊಗಸೆ ಬಾಯಿಗೆ ಹಾಕಿ, ಉಗುಳಿ,
ಇನ್ನೊಂದು ಬೊಗಸೆ ಹಾಕಿಕೊಂಡ.

ಆಗಸ್ಟ್ ಒಂದು. ಬೆಳಗಿನ ನಾಲ್ಕು ಗಂಟೆ.
ಕಾರ್ಡು ಉಜ್ಜಿದೆ. ಚೀಟಿ ಸುರುಳಿ ಸುತ್ತಿ ಬಂತು.
ಹಳೆಯದರಲ್ಲಿ ಮುನ್ನೂರ ಹನ್ನೆರಡು ಉಳಿದಿದೆ,
ಒಂದು ಚಮಚವೂ ಬರುವುದಿಲ್ಲ ಅದಕ್ಕೆ, ಅಂದೆ.
"ಸಣ್ಣವನ್ನು ನೀರಿಗೆ ಬಿಡು, ಬೆಳೀಲಿ"
ಅಂದ, ಹಗ್ಗ ಬಿಚ್ಚುತ್ತ.
ಮಾರ್ಚಿಗೆ ಸಾಯುತ್ತವೆ ಮಾರಾಯಾ, ಅಂದೆ.
ಎಂಜಿನ್ನು ಚಾಲೂ ಆಗಿತ್ತು.
ಕೇಳಿಸಿತೋ ಇಲ್ಲವೋ,
ಕೈ ಎತ್ತಿದ.