ಮೂರೂವರೆ ತಿರುವು

ನಾಲ್ಕನೇ ಕ್ರಾಸಿಗೆ ಮೂರೂವರೆ ತಿರುವು.
ಮೂರಕ್ಕೆ ನಿಲ್ಲಿಸಿದರೆ ದಿಬ್ಬದ ಮೇಲಿನ ಅಕ್ಕಯ್ಯಮ್ಮನ ನಲ್ಲಿ
ಬರೀ ಗಾಳಿ ಕೆಮ್ಮುತ್ತದೆ.
ನಾಲ್ಕಾದರೆ ಇಳಿಜಾರಿನಲ್ಲಿ ಜಬೀನಾ ಟೀಚರ ಸಂಪು ತುಂಬಿ
ಬೀದಿಗೆ ಬರುತ್ತದೆ; ಬೈಗುಳ ನನಗೆ.
ಇದನ್ನು ಯಾವ ಕಾಗದದಲ್ಲೂ ಬರೆದಿಲ್ಲ.
ಹತ್ತೊಂಬತ್ತು ವರ್ಷ, ಬೆಳಗಿನ ಜಾವ ಮೂರಕ್ಕೆ,
ಛೇಂಬರಿನ ಮುಚ್ಚಳ ಸರಿಸಿ, ಜಿರಲೆ ಓಡಿಸಿ,
ಎದೆಯೆತ್ತರದ ಕಬ್ಬಿಣದ ಕೀ ಇಳಿಸಿ
ಅಂಗೈಯಲ್ಲಿ ಕಲಿತ ಲೆಕ್ಕ.

ಕಾವೇರಿ ಬಂದಿದ್ದಾಳೋ ಇಲ್ಲವೋ
ಕೀಯ ನಡುಕದಲ್ಲೇ ತಿಳಿಯುತ್ತದೆ.
ಬೆಂಗಳೂರಿಗೆ ನೂರು ಕಿಲೋಮೀಟರು, ಅದೂ ಹತ್ತುದಾರಿ,
ಬಸುರಿಯನ್ನು ಮಹಡಿ ಹತ್ತಿಸಿದ ಹಾಗೆ
ಒಂದೊಂದು ಪಂಪಿನ ಮನೆಯಲ್ಲೂ ಬೆನ್ನು ನೂಕಿ ಕರೆತರುತ್ತಾರೆ.
ಸುಸ್ತಾಗಿರುತ್ತಾಳೆ. ಮೊದಲು ಒಂದು ನಿಟ್ಟುಸಿರು, ಆಮೇಲೆ ನೀರು.

ನಮ್ಮ ತಾತ ಪಿಳ್ಳಪ್ಪ ಎಲೆಸಂದ್ರದ ನೀರುಗಂಟಿ.
ಸಂದ್ರ ಅಂದರೆ ಸಮುದ್ರವಂತೆ,
ನಮ್ಮವರ ಬಾಯಲ್ಲಿ ನೆನೆದು ಕುಗ್ಗಿದ್ದು.
ಅವನಿಗೆ ಕೀ ಇರಲಿಲ್ಲ. ಲಂಗೋಟಿ ಬಿಗಿದು, ಉಸಿರು ಕಟ್ಟಿ,
ಎರಡು ಕಲ್ಲುಕಂಬದ ನಡುವೆ ಮುಳುಗಿ
ತೂಬಿನ ಬಿರಡೆ ಕಿತ್ತು ಮೇಲೇಳುತ್ತಿದ್ದ.
ತೆಗೆಯುವಾಗ “ಬಾರವ್ವ”. ಮುಚ್ಚುವಾಗ “ಸಾಕು ತಾಯಿ”.
ಎರಡೇ ಮಂತ್ರ. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಆಯ.
ಮೇಲಿನ ಗದ್ದೆಯ ಗೌಡನಿಗೂ ಕಡೇ ಗದ್ದೆಯ ಚಿಕ್ಕತಾಯಮ್ಮನಿಗೂ
ನೆಟ್ಟ ಕಡ್ಡಿಯ ನೆರಳಿನಷ್ಟೇ ನೀರು
ಎಂದು ಅವನು ಹೇಳುತ್ತಿದ್ದ. ಗೌಡನ ಕಡ್ಡಿ
ಸ್ವಲ್ಪ ಉದ್ದವಿತ್ತೆಂದು ಅಜ್ಜಿ ಹೇಳುತ್ತಿದ್ದಳು.

ಆ ಕೆರೆ ಈಗ ಬಡಾವಣೆ.
ಏರಿಯೇ ಎಂಬತ್ತಡಿ ರಸ್ತೆ; ಮಟ್ಟಸ ನೆಲದಲ್ಲಿ
ಬಸ್ಸು ಇದ್ದಕ್ಕಿದ್ದಂತೆ ಯಾಕೆ ಗೇರು ಬದಲಿಸುತ್ತದೆಂದು
ಹತ್ತಿದವರಿಗೆ ಗೊತ್ತಿಲ್ಲ.

ಹೋದ ಭಾದ್ರಪದದಲ್ಲಿ ಎರಡು ರಾತ್ರಿ ಹೊಯ್ದ ಮಳೆಗೆ
ಪ್ರವಾಹ, ಪ್ರವಾಹ ಅಂದರು ಎಲ್ಲರೂ.
ನಾನು ಏರಿಯ ಮೇಲೆ ನಿಂತು ನೋಡಿದೆ:
ಒಂದು ಹನಿಯೂ ದಾರಿ ತಪ್ಪಿರಲಿಲ್ಲ.
ಗೂಡಿನ ಬೆಂಕಿಪೊಟ್ಟಣಕ್ಕೆ ಕತ್ತಲಲ್ಲೇ ಕೈ ಹೋಗುವಂತೆ
ನೀರು ತನ್ನ ಹಳೇ ಅಂಚಿಗೆ ಬಂದು, ಮುಟ್ಟಿ, ಕೂತಿತ್ತು.
ಕಾರುಗಳು ಎಮ್ಮೆಗಳಂತೆ ಬೆನ್ನು ಮಾತ್ರ ತೋರಿಸಿ ನಿಂತಿದ್ದವು.

ಮೂರನೇ ದಿನ ನಕ್ಷೆ ಹಿಡಿದು ಬಂದ ಇಂಜಿನಿಯರ್ ಹುಡುಗಿ
ಕೋಡಿ ಎಲ್ಲಿತ್ತು, ಗೊತ್ತಾ ಯಾರಿಗಾದರೂ, ಎಂದು ಕೇಳಿದಳು.
ನಕ್ಷೆಯ ಮಡಿಕೆ ಸವೆದು ಸರಿಯಾಗಿ ಅಲ್ಲೇ ತೂತು.
ಅಕ್ಕಯ್ಯಮ್ಮನನ್ನು ಟ್ರಾಕ್ಟರಿನಲ್ಲಿ ಕೂರಿಸಿ ಕರೆತಂದರು.
ಬೆರಳು ತೋರಿಸಿದಳು: ಅಗೋ, ಆ ಟೈಲ್ಸ್ ಅಂಗಡಿ.
“ಮೈನೆರೆದಾಗ ನನ್ನ ಬಟ್ಟೆ ಒಗೆದದ್ದು ಅಲ್ಲೇ. ಮರೀತೀನಾ?”
ಜೆಸಿಬಿ ಗೋಡೆಗೆ ಹಲ್ಲು ಕೊಟ್ಟಿತು.
ಹೋಯಿತು ನೀರು, ರಟ್ಟಿನ ಪೆಟ್ಟಿಗೆಗಳ ನಡುವೆ,
ಸಂಜೆ ಕೊಟ್ಟಿಗೆಗೆ ಹೊರಟ ಹಸುವಿನಂತೆ, ಅವಸರವಿಲ್ಲದೆ.

ಆಮೇಲೆ ಕಾಲುವೆಯ ಗುರುತು ಹಿಡಿದು ಸರ್ವೆಯವರು ಬಂದರು,
ಸರಪಳಿ ಎಳೆಯುತ್ತಾ, ಗೋಡೆಗಳಿಗೆ ಕೆಂಪು ಬಾಣ ಬರೆಯುತ್ತಾ.
ಐದನೇ ಬಾಣ ನಮ್ಮ ಮನೆಗೆ.
“ಪೂರ್ತಿ ಅಲ್ಲ ಅಣ್ಣ,” ಅಂದಳು ಹುಡುಗಿ, ಪಾಪ, ನೆಲ ನೋಡುತ್ತಾ,
“ಅಡುಗೆಮನೆ ಮಾತ್ರ ರಾಜಕಾಲುವೆಯಲ್ಲಿದೆ.”
ಅಗ್ಗಕ್ಕೆ ಸಿಕ್ಕ ಸೈಟು. ಕೊಳ್ಳುವಾಗ ಗೊತ್ತಿತ್ತಾ ಎಂದು
ಹೆಂಡತಿ ಕೇಳಲಿಲ್ಲ.
ನೀರುಗಂಟಿಯ ಮೊಮ್ಮಗನಿಗೆ ಗೊತ್ತಿರದೆ?
ಮಳೆಗಾಲದಲ್ಲಿ ಒಲೆಯ ಮುಂದಿನ ನೆಲ ತಣ್ಣಗಾಗುವುದನ್ನು
ಬರಿಗಾಲಲ್ಲಿ ಎಷ್ಟು ವರ್ಷ ಕೇಳಿಸಿಕೊಂಡಿದ್ದೇನೆ.

ಮಾರನೆಯ ದಿನ ಮತ್ತೆ ಮೂರು ಗಂಟೆ.
ಛೇಂಬರಿನಲ್ಲಿ ಜಿರಲೆಯ ಬದಲು ಒಂದು ಏಡಿ.
ಕೀ ನಡುಗಿತು. ಒಂದು, ಎರಡು, ಮೂರು, ಅರ್ಧ.
ಮೇಲಿಂದ, ಕತ್ತಲೊಳಗಿಂದ, ಅಕ್ಕಯ್ಯಮ್ಮ:
“ಇನ್ನರ್ಧ ಕೊಡಪ್ಪಾ ಇವತ್ತೊಂದಿನ, ಸೀರೆಯೆಲ್ಲಾ ಕೆಸರು.”
ಕೊಟ್ಟೆ.
ಟೀಚರ ಸಂಪು ಉಕ್ಕುವುದು ಕೇಳಿಸಿತು,
ಮೊದಲು ಗುಳುಗುಳು, ಆಮೇಲೆ ಸದ್ದೇ ಇಲ್ಲದೆ
ಇಳಿಜಾರು ಹಿಡಿದು, ಮೋರಿ ದಾಟಿ, ಕೆಂಪು ಬಾಣದ ಕಡೆಗೆ.
ತಾತನ ಎರಡರಲ್ಲಿ ಯಾವ ಮಾತು ಹೇಳಬೇಕೋ
ಹೊಳೆಯದೆ, ಕೀ ಹಿಡಿದು ನಿಂತಿದ್ದೆ.